ನುಡಿ ಕೀಲಿಮಣೆ ಲಿನಕ್ಸ್‌ನಲ್ಲೂ ಉಂಟು
4 ಜಿಬಿ ರ‍್ಯಾಮ್‌ನ ಹಳೇ ಲ್ಯಾಪ್‌ಟಾಪ್‌ಗೆ ವಿಂಡೋಸ್ ಬದಲು ಲಿನಕ್ಸ್ ಹಾಕಿಕೊಂಡರೆ ನುಡಿ (ಕನ್ನಡ ಟೈಪಿಂಗ್ ತಂತ್ರಾಂಶ) ಥರಾನೇ ಟೈಪ್ ಮಾಡೋಕಾಗುತ್ತಾ ಅಂತ ಕೇಳಿದ್ದೀರಿ. ಧಾರಾಳವಾಗಿ ಆಗುತ್ತೆ. ನಾನು ಅಂಥದ್ದೇ ಮೆಷಿನ್ನಲ್ಲಿ ಡೆಬಿಯನ್ ಅನ್ನೋ ಲಿನಕ್ಸ್, ಅದರ ಮೇಲೆ ಹಗುರವಾದ ಡೆಸ್ಕ್‌ಟಾಪ್ ಎಕ್ಸ್‌ಎಫ್‌ಸಿಇ ಇಟ್ಟುಕೊಂಡಿದ್ದೀನಿ. ಗ್ನೋಮ್ ಅನ್ನೋ ಡೆಸ್ಕ್‌ಟಾಪ್ ಚೆಂದ, ಆದ್ರೆ ಇಷ್ಟು ರ‍್ಯಾಮ್‌ಗೆ ಭಾರ.

ಐಬಸ್-ಎಂ17ಎನ್ ಅನ್ನೋ ಪ್ಯಾಕೇಜ್ (ಬೇರೆ ಬೇರೆ ಭಾಷೆ ಟೈಪ್ ಮಾಡಿಸೋ ತಂತ್ರಾಂಶ) ಹಾಕಿ, ಒಮ್ಮೆ ಲಾಗೌಟ್ ಆಗಿ ಬಂದು, ಐಬಸ್ ಸೆಟ್ಟಿಂಗ್ಸ್‌ನಲ್ಲಿ ಕನ್ನಡದ ಕೆಜಿಪಿ ಕೀಲಿಮಣೆ ಆರಿಸಿ. ಕೆ.ಪಿ. ರಾವ್ ಅವರ ವಿನ್ಯಾಸ ಅದು, ನುಡಿಗೂ ಅದೇ ಮೂಲ. ಒತ್ತಕ್ಷರಕ್ಕೆ ಅದೇ ಎಫ್: ‘ಅಮ್ಮ’ ಬೇಕಂದ್ರೆ ಎ, ಎಂ, ಎಫ್, ಎಂ.

ತಲೆನೋವು ಇರೋದು ಹಳೇ ಫೈಲುಗಳದ್ದು. ನುಡಿಯ ಆಸ್ಕಿ ಫಾಂಟಲ್ಲಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿದ ಹಳೇ ಥರದ ಫಾಂಟ್) ಬರೆದದ್ದು, ಆ ಫಾಂಟ್ ಇಲ್ಲದಿದ್ರೆ ಲಿಬ್ರೆಆಫೀಸ್‌ನಲ್ಲಿ ಇಂಗ್ಲಿಷ್ ಅಕ್ಷರಕ್ಕೆ ಟೋಪಿ ತೊಡಿಸಿದ ಹಾಗೆ ಕಾಣುತ್ತೆ. ಅಪ್ಪನ ತೋಟದ ಲೆಕ್ಕ ಪೂರ್ತಿ ಹಾಗೆ ಕಂಡಾಗ ಬೆವೆತುಹೋಗಿದ್ದೆ. ವಿಂಡೋಸ್ ಅಳಿಸೋ ಮುಂಚೆ ಎಲ್ಲಾ, ಯಾವ ಕಂಪ್ಯೂಟರಲ್ಲೂ ಕನ್ನಡವಾಗೇ ಕಾಣೋ ಯೂನಿಕೋಡ್‌ಗೆ ಪರಿವರ್ತಿಸಿಟ್ಟುಕೊಳ್ಳಿ.