"ಉಸಿರು ಸಾಲ್ತಿಲ್ರೀ ಮೇಡಂ"

(ಗುರುತು ಸಿಗದ ಹಾಗೆ ಕೆಲವು ವಿವರ ಬದಲಿಸಿದ್ದೇನೆ.)

ನನ್ನ ಹತ್ತಿರ ಆಪ್ತಸಮಾಲೋಚನೆಗೆ ಬಂದವರು ದಾವಣಗೆರೆಯ ಗೃಹಿಣಿ, ವಯಸ್ಸು ನಲವತ್ತು ದಾಟಿದೆ. ಮನೆಯವರದು ಮಂಡಕ್ಕಿ ವ್ಯಾಪಾರ. ಬ್ಯಾಗಿನಿಂದ, ರಕ್ತದಲ್ಲಿ ಆಮ್ಲಜನಕ ಎಷ್ಟಿದೆ ಅಂತ ತೋರಿಸುವ ಆಕ್ಸಿಮೀಟರ್ ತೆಗೆದು ಮೇಜಿನ ಮೇಲಿಟ್ಟರು. "ಉಸಿರು ಸಾಲ್ತಿಲ್ರೀ ಮೇಡಂ. ಎಷ್ಟು ಎಳ್ಕೊಂಡ್ರೂ ಒಳಗೇ ಹೋಗಲ್ಲ." ರಾತ್ರಿಯಾದರೆ ಎದೆ ಬಿಗಿತ, ತುಟಿ ಬೆರಳೆಲ್ಲ ಜುಮ್ ಜುಮ್, ತಲೆಸುತ್ತು. ಎರಡು ಸಲ ಆಸ್ಪತ್ರೆಗೆ ಓಡಿದ್ದರು. ಇಸಿಜಿ, ಎಕ್ಸ್‌ರೇ, ಊದಿಸಿ ನೋಡುವ ಪರೀಕ್ಷೆ, ರಕ್ತ ಪರೀಕ್ಷೆ, ಎಲ್ಲ ಸರಿ ಇತ್ತು. ಆ ವರದಿಗಳನ್ನು ನೋಡದೆ ನಾನು ಮುಂದುವರಿಯುತ್ತಿರಲಿಲ್ಲ. ಅಸ್ತಮಾ, ರಕ್ತಹೀನತೆ, ಹೃದಯದ ತೊಂದರೆ ಇದ್ದರೂ ಹೀಗೇ ಆಗುತ್ತದೆ. ಮಂಡಕ್ಕಿ ಹುರಿಯುವ ಭಟ್ಟಿಯ ಹೊಗೆಯ ಹತ್ತಿರ ಇರುವವರಲ್ಲಂತೂ ಮೊದಲು ಶ್ವಾಸಕೋಶ ನೋಡಿಸಲೇಬೇಕು.

"ಇದನ್ನ ಯಾವಾಗ ತಗೊಂಡ್ರಿ ಅಕ್ಕಾ?" ಅಂತ ಆಕ್ಸಿಮೀಟರ್ ತೋರಿಸಿದೆ. ಅವರಿಗೆ ಅಳು ಒತ್ತರಿಸಿ ಬಂತು. 2021ರ ಕೋವಿಡ್ ಎರಡನೇ ಅಲೆಯಲ್ಲಿ ಅಣ್ಣ ತೀರಿಕೊಂಡಿದ್ದರು. ಕೊನೆಯ ಸಲ ಫೋನಿನಲ್ಲಿ ಅವರು ಅಂದಿದ್ದೂ ಇದೇ ಮಾತು, ಉಸಿರು ಸಾಲ್ತಿಲ್ಲ ಅಂತ. ಈಗ ಇವರು ದಿನಕ್ಕೆ ಇಪ್ಪತ್ತು ಸಲ ಬೆರಳಿಗೆ ಸಿಕ್ಕಿಸಿ ನೋಡುತ್ತಾರೆ. ಪ್ರತಿ ಸಲ ಶೇಕಡಾ 98.

ಮಾತಿನ ನಡುವೆ ಉಸಿರು ಎಣಿಸಿದೆ. ನಿಮಿಷಕ್ಕೆ 26. ಸುಮ್ನೆ ಕೂತ ದೊಡ್ಡವರಿಗೆ 12ರಿಂದ 20 ಸಾಕು. ಭುಜ ಏರಿಳಿಯುತ್ತಿತ್ತು, ಹೊಟ್ಟೆ ಅಲುಗುತ್ತಿರಲಿಲ್ಲ.

ಧೈರ್ಯ ಹೇಳುವ ಬದಲು ಉಸಿರಾಟ ಹೇಗೆ ನಡೆಯುತ್ತದೆ ಅಂತ ಹೇಳಿದೆ. ಶ್ವಾಸಕೋಶ ತಾನಾಗಿ ಹಿಗ್ಗುವುದಿಲ್ಲ. ಅದರ ಕೆಳಗೆ ವಪೆ ಎಂಬ ಸ್ನಾಯು ಇದೆ. ಅದು ಕೆಳಗಿಳಿದಾಗ ಎದೆಗೂಡು ಅಗಲವಾಗಿ, ಕಮ್ಮಾರನ ತಿದಿಯೊಳಗೆ ನುಗ್ಗಿದ ಹಾಗೆ ಗಾಳಿ ಒಳಗೆ ಬರುತ್ತದೆ. ಕೋಟಿಗಟ್ಟಲೆ ಪುಟ್ಟ ಗಾಳಿಗೂಡುಗಳಲ್ಲಿ ಆಮ್ಲಜನಕ ರಕ್ತಕ್ಕೆ ಸೇರುತ್ತದೆ, ಇಂಗಾಲದ ಡೈಆಕ್ಸೈಡ್ ಹೊರಗೆ ಬರುತ್ತದೆ. 98 ಅಂದರೆ ಕೊಡ ತುಂಬಿದೆ. ಇನ್ನೂ ಜೋರಾಗಿ ಎಳೆದರೆ ಆಮ್ಲಜನಕ ಹೆಚ್ಚುವುದಿಲ್ಲ, ಇಂಗಾಲದ ಡೈಆಕ್ಸೈಡ್ ಮಾತ್ರ ಜಾಸ್ತಿ ಖಾಲಿಯಾಗುತ್ತದೆ. ಅದೂ ರಕ್ತದಲ್ಲಿ ಒಂದು ಮಟ್ಟದಲ್ಲಿ ಇರಬೇಕು. ಕಡಿಮೆಯಾದರೆ ಮಿದುಳಿನ ರಕ್ತನಾಳ ಕಿರಿದಾಗುತ್ತದೆ. ತಲೆಸುತ್ತು ಬರುವುದು ಹೀಗೆ. ರಕ್ತದ ಆಮ್ಲೀಯತೆಯೂ ತಗ್ಗುವುದರಿಂದ ಜುಮ್ಮು ಬರುತ್ತದೆ. ಅದಕ್ಕೆ ಹೆದರಿ ಮತ್ತೆ ಜೋರು ಉಸಿರು.

"ಹಂಗಾದ್ರೆ ನಾನು ಉಸಿರಾಡ್ತಿರೋದೇ ಜಾಸ್ತಿನಾ?" ಅಂದರು. ಮೊದಲ ಸಲ ಅವರ ಮುಖ ಸಡಿಲವಾಯಿತು.

ಹೇಳಿಕೊಟ್ಟದ್ದು ಇಷ್ಟು. ಹೊಟ್ಟೆ ಮೇಲೆ ಕೈಯಿಟ್ಟು, ಮೂಗಿನಿಂದ ನಾಲ್ಕು ಎಣಿಸುವಷ್ಟು ಒಳಗೆ. ಬಿಸಿ ಚಹಾ ಆರಿಸುವ ಹಾಗೆ ತುಟಿ ಕೂಡಿಸಿ ಆರು ಎಣಿಸುವಷ್ಟು ಹೊರಗೆ. ಬೆಳಿಗ್ಗೆ ಸಂಜೆ ಐದೈದು ನಿಮಿಷ, ಭಯ ಇಲ್ಲದ ಹೊತ್ತಿನಲ್ಲೇ ಅಭ್ಯಾಸವಾಗಬೇಕು. ಕವರ್ ಮುಖಕ್ಕೆ ಹಿಡಿದು ಉಸಿರಾಡುವುದು ಬೇಡವೇ ಬೇಡ, ಅಪಾಯ. ಆಕ್ಸಿಮೀಟರ್ ಮಗಳ ಹತ್ತಿರ ಇರಲಿ, ಮೊದಲ ವಾರ ದಿನಕ್ಕೆ ಎರಡೇ ಸಲ ನೋಡೋಣ ಅಂದೆ. ಆದರೆ ಸಂಖ್ಯೆ 94ಕ್ಕಿಂತ ಇಳಿದರೆ, ತುಟಿ ನೀಲಿಯಾದರೆ, ಎದೆ ನೋವು ಬಂದರೆ, ಮಾತು ಮುಗಿಸಲು ಉಸಿರು ಸಿಗದಿದ್ದರೆ, ನನಗೆ ಫೋನ್ ಮಾಡುತ್ತ ಕೂರದೆ ಸೀದಾ ಆಸ್ಪತ್ರೆಗೆ ಹೋಗಿ ಅಂತ ಬರೆದುಕೊಟ್ಟೆ.

ಮೂರನೇ ಭೇಟಿಯಲ್ಲಿ ಅಣ್ಣನ ಕೊನೆಯ ದಿನ ಬಿಟ್ಟು ಬೇರೆ ಏನಾದರೂ ಹೇಳಿ ಅಂದೆ. ಸೈಕಲ್ಲಿನಲ್ಲಿ ಕೂರಿಸಿಕೊಂಡು ಕುಂದವಾಡ ಕೆರೆಗೆ ಹೋಗಿದ್ದು, ಬರುವಾಗ ಬೆಣ್ಣೆದೋಸೆ ಕೊಡಿಸಿದ್ದು, ಅರ್ಧ ಗಂಟೆ ಹೇಳಿದರು. ಉಸಿರು ಎಣಿಸಿದೆ, ನಿಮಿಷಕ್ಕೆ 16 ಇತ್ತು.

ಇನ್ನೂ ಕೆಲವು ರಾತ್ರಿ ಎದ್ದು ಕೂರುತ್ತಾರೆ. ಅಣ್ಣನ ತಿಥಿ ಹತ್ತಿರ ಬಂದಾಗ ಜಾಸ್ತಿಯಾಗಬಹುದು, ಅದರ ಹಿಂದಿನ ವಾರವೇ ಬನ್ನಿ ಅಂತ ದಿನ ಗೊತ್ತು ಮಾಡಿದ್ದೇನೆ.