ಎಡಿನ್‌ಬರಾಗೆ ಬೇಸಿಗೆ ಬಟ್ಟೆ ಬೇಕಾ?

ಸ್ಕಾಟ್ಲೆಂಡಿನ ಎಡಿನ್‌ಬರಾಗೆ ಓದಲು ಬರುವ ಮುಂಚೆ ಬೇಸಿಗೆ ಬಟ್ಟೆ ಕೊಳ್ಳುವುದು ದಂಡವಾ ಅಂತ ಕೇಳಿದ್ದೀರಿ. ಹೊಸದಾಗಿ ಕೊಳ್ಳಬೇಡಿ, ಇರುವುದನ್ನೇ ತನ್ನಿ. ಇಲ್ಲಿ ಜುಲೈ ಮಧ್ಯಾಹ್ನವೂ ಸರಾಸರಿ 19 ಡಿಗ್ರಿ ಅಷ್ಟೇ. ಒಮ್ಮೆ ಬಿಸಿಲು ನಂಬಿ ತೆಳು ಕುರ್ತಾದಲ್ಲೇ ಪೋರ್ಟೊಬೆಲ್ಲೊ ಬೀಚಿಗೆ ಹೋಗಿದ್ದೆ. ಅರ್ಧ ಗಂಟೆಯಲ್ಲಿ ಸಮುದ್ರದಿಂದ ಮಂಜು ನುಗ್ಗಿತು. ಇದಕ್ಕೆ ಇಲ್ಲಿಯವರು 'ಹಾರ್' ಅಂತಾರೆ. ಕೈಯಲ್ಲಿ ಐಸ್‌ಕ್ರೀಂ, ಹಲ್ಲು ಕಟಕಟ!

ಹಾಗಂತ ಪೂರ್ತಿ ಬಿಟ್ಟು ಬರಬೇಡಿ. ಚಳಿಗಾಲದಲ್ಲೂ ಹೀಟರ್ ಹಾಕಿದ ಕೋಣೆಯೊಳಗೆ ಹತ್ತಿ ಟೀ ಶರ್ಟೇ ಆರಾಮ. ಜಾಕೆಟ್ ಒಳಗೂ ಅದೇ ತಾನೆ ಹಾಕುವುದು? ನಾಲ್ಕೈದು ಟೀ ಶರ್ಟ್, ಒಂದು ಚಡ್ಡಿ ಸಾಕು. ಉಳಿದ ದುಡ್ಡಲ್ಲಿ ಗಾಳಿ, ಮಳೆ ಎರಡೂ ತಡೆಯುವ ಜಾಕೆಟ್ ತಗೊಳ್ಳಿ. ಛತ್ರಿ ಸುಮ್ನೆ ಹೊರೆ, ಇಲ್ಲಿಯ ಗಾಳಿಗೆ ಮಗುಚಿಕೊಳ್ಳುತ್ತದೆ.