ಹಿಡಿ ಬದಲಿಸಿ, ಹದ ಕೆಡಿಸಬೇಡಿ

ಪ್ರಶ್ನೆ: ನಮ್ಮದು ಪೆರ್ಲದ ಹತ್ತಿರ ಅಡಿಕೆ ತೋಟ. ಕಳೆದ ವರ್ಷ ಆನ್‌ಲೈನಿನಲ್ಲಿ ಒಂದು ಮಡಚದ ಚಾಕು ತರಿಸಿದೆ. 4 ಇಂಚಿನ ಅಲಗು, ಕಾರ್ಬನ್ ಸ್ಟೀಲ್. ತೋಟಕ್ಕೂ ಆಯ್ತು, ರಾಣಿಪುರಕ್ಕೆ ಚಾರಣ ಹೋಗುವಾಗಲೂ ಆಯ್ತು ಅಂತ. ಆದರೆ ಹಿಡಿ ತೆಳು, ಅರ್ಧ ಗಂಟೆ ಕೆಲಸ ಮಾಡಿದರೆ ಅಂಗೈ ನೋಯುತ್ತದೆ. ಮಳೆಗಾಲದಲ್ಲಿ ಚರ್ಮದ ಒರೆಗೆ ಬೂಷ್ಟು, ಅಲಗಿಗೆ ತುಕ್ಕು. ಮನೆಯಲ್ಲೇ ಮರದ ಹಿಡಿ ಹಾಕಿ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚಬೇಕೆಂದಿದ್ದೇನೆ. ಫೆರೋ ಕಡ್ಡಿ (ಉಕ್ಕಿನಿಂದ ಕೆರೆದರೆ ಕಿಡಿ ಹಾರುವ ಲೋಹದ ಕಡ್ಡಿ) ಉಜ್ಜಿ ಕಿಡಿ ಬರಿಸಲು ಅಲಗಿನ ಬೆನ್ನನ್ನೂ ಗ್ರೈಂಡರಿನಲ್ಲಿ ಚೂಪು ಮೂಲೆ ಮಾಡುವ ಯೋಚನೆ ಇದೆ. ಸರಿಯೇ?

ಉತ್ತರ: ಹಿಡಿ ಬದಲಿಸಿ, ಒರೆಯನ್ನೂ ಬದಲಿಸಿ. ಗ್ರೈಂಡರ್ ಮಾತ್ರ ಮುಟ್ಟಬೇಡಿ.

ಯಾಕೆಂದು ಹೇಳುತ್ತೇನೆ. ಅಲಗಿನ ಬೆಲೆ ಇರುವುದು ಅದರ ಹದದಲ್ಲಿ. ಕಾಯಿಸಿ, ನೀರು ಕೊಟ್ಟು, ಮತ್ತೆ 200 ಡಿಗ್ರಿಯ ಆಸುಪಾಸಿನಲ್ಲಿ ಹದ ಮಾಡಿರುತ್ತಾರೆ. ಗ್ರೈಂಡರಿನ ಚಕ್ರ ತಾಗಿದ ತೆಳು ಅಂಚು ಕಣ್ಣು ಮಿಟುಕಿಸುವಷ್ಟರಲ್ಲಿ ಅದಕ್ಕಿಂತ ಜಾಸ್ತಿ ಕಾಯುತ್ತದೆ. ಮೊದಲು ಹುಲ್ಲಿನ ಹಳದಿ, ಆಮೇಲೆ ಕಂದು, 300ರ ಹತ್ತಿರ ನೀಲಿ. ಅಲಗಿನ ಬಾಯಿಯಲ್ಲಿ, ಅಂದರೆ ಕೊಯ್ಯುವ ಅಂಚಿನಲ್ಲಿ, ನೀಲಿ ಕಂಡಿತೋ, ಅಲ್ಲಿ ಹದ ಇಳಿಯಿತು ಅಂತಲೇ ಲೆಕ್ಕ. ನಾನು ಕಾಲೇಜಿನಲ್ಲಿದ್ದಾಗ ಅಪ್ಪನ ಒಳ್ಳೆಯ ಕತ್ತಿಯೊಂದನ್ನು ಹೀಗೆ ನೀಲಿ ಮಾಡಿದ್ದೆ. ಊರಿನ ಆಚಾರಿ ಅದನ್ನು ಉಗುರಿನಿಂದ ತಟ್ಟಿ ನೋಡಿ, "ಇನ್ನು ಇದು ಬಾಳೆದಿಂಡು ಕೊಯ್ಯಲಿಕ್ಕೆ ಸಾಕು" ಅಂದಿದ್ದರು. ಅಪ್ಪ ಏನೆಂದರು ಎನ್ನುವುದನ್ನು ಇಲ್ಲಿ ಬರೆಯುವುದು ಬೇಡ.

ಬೆನ್ನಿನ ಮೂಲೆ ಚೂಪಾಗಲು ಗ್ರೈಂಡರ್ ಬೇಕಾಗಿಯೇ ಇಲ್ಲ. ಒಂದು ದಪ್ಪ ಗಾಜಿನ ಮೇಲೆ 120 ನಂಬರಿನ ಉಪ್ಪುಕಾಗದ ಅಂಟಿಸಿ, ಬಾಯಿಗೆ ದಪ್ಪ ಟೇಪ್ ಸುತ್ತಿ, ಬೆನ್ನನ್ನು ನೇರವಾಗಿ ಇಟ್ಟು ಉಜ್ಜಿ. ಎರಡು ಇಂಚಿನಷ್ಟು ಉದ್ದ ಚೂಪಾದರೆ ಧಾರಾಳ. ಹಿಡಿಯ ಹತ್ತಿರ, ಹೆಬ್ಬೆರಳು ಕೂರುವ ಜಾಗವನ್ನು ಮಾತ್ರ ಉರುಟಾಗಿಯೇ ಬಿಡಿ.

ಈಗ ಹಿಡಿ. ಎರಡು ಚಕ್ಕೆಗಳ ನಡುವೆ ಉಕ್ಕು ಹಿಡಿಯ ತುದಿಯವರೆಗೂ ಕಾಣುತ್ತಿದ್ದರೆ ನಿಮ್ಮ ಕೆಲಸ ಸಲೀಸು. ಹಳೆಯ ರಿವೆಟ್‌ಗಳನ್ನು ಡ್ರಿಲ್ ಮಾಡಿ ತೆಗೆಯಿರಿ. ಉಕ್ಕಿನಲ್ಲಿ ಮೊದಲೇ ಇರುವ ತೂತುಗಳನ್ನೇ ಬಳಸಿ. ಹದ ಮಾಡಿದ ಉಕ್ಕಿನಲ್ಲಿ ಹೊಸ ತೂತು ಕೊರೆಯಲು ಹೋದರೆ ಸುಮ್ನೆ ಬಿಟ್ ಹಾಳು. ಮರಕ್ಕೆ ಪೇಟೆಗೆ ಓಡಬೇಡಿ. ಹಳೆ ಮನೆ ಬಿಚ್ಚಿದಾಗ ಉಳಿದ ಹಲಸಿನ ತೊಲೆಯೋ ಬೀಟಿಯ ತುಂಡೋ ಅಟ್ಟದಲ್ಲಿ ಇರುತ್ತದಲ್ಲ, ಅದೇ ಬೇಕು. ಹಸಿ ಮರ ಹಾಕಿದರೆ ಬೇಸಗೆಯಲ್ಲಿ ಕುಗ್ಗಿ ಅಂಟು ಬಿಡುತ್ತದೆ. ನಿಮ್ಮ ನೋವಿಗೆ ಕಾರಣವೂ ತೆಳು ಹಿಡಿಯೇ, ಆದ್ದರಿಂದ ಒಂದೊಂದು ಚಕ್ಕೆ ಕಡಿಮೆಯೆಂದರೂ 10 ಮಿಲಿಮೀಟರ್ ದಪ್ಪ ಇಟ್ಟುಕೊಳ್ಳಿ. ಅಂಗೈಗೆ ಸರಿಯಾಗುವಂತೆ ಆಮೇಲೆ ಉಜ್ಜಿ ತೆಗೆಯಬಹುದು.

ಹೆಚ್ಚಿನವರು ತಪ್ಪುವುದು ಒಂದು ಕಡೆ. ಅಲಗಿನ ಕಡೆಗಿರುವ ಚಕ್ಕೆಯ ಮುಂದಿನ ಅಂಚನ್ನು ಅಂಟಿಸುವ ಮೊದಲೇ ಉಜ್ಜಿ ನುಣುಪು ಮಾಡಿ ಮುಗಿಸಬೇಕು. ಅಂಟಿಸಿದ ಮೇಲೆ ಅಲ್ಲಿಗೆ ಕೈ ಹಾಕಿದರೆ ಅಲಗಿಗೆ ಗೀರು ಗ್ಯಾರಂಟಿ. ಎರಡು ಟ್ಯೂಬ್ ಕಲಸುವ ಅರಾಲ್ಡೈಟ್‌ನಂಥ ಎಪಾಕ್ಸಿ ತನ್ನಿ, ಆದರೆ ಐದು ನಿಮಿಷಕ್ಕೆ ಗಟ್ಟಿಯಾಗುವ ಜಾತಿ ಬೇಡ. ನಿಧಾನವಾಗಿ ಒಣಗುವುದೇ ನಮ್ಮ ಮಳೆಗೆ ತಡೆಯುತ್ತದೆ. ಉಕ್ಕನ್ನು ಒರಟು ಕಾಗದದಲ್ಲಿ ಉಜ್ಜಿ, ಥಿನ್ನರಿನಲ್ಲಿ ಒರೆಸಿ, ಎಣ್ಣೆ ಪಸೆ ಇಲ್ಲದಂತೆ ಮಾಡಿಕೊಳ್ಳಿ. ತೂತಿಗೆ ಸರಿಹೊಂದುವ ಹಿತ್ತಾಳೆ ಸರಳಿನ ತುಂಡು ಹಾಕಿ. ಕ್ಲಾಂಪನ್ನು ಬಿಗಿದು ಬಿಗಿದು ಇರುವ ಅಂಟನ್ನೆಲ್ಲ ಹೊರಗೆ ಹಿಂಡಬೇಡಿ. ಒಂದು ಇಡೀ ದಿನ ಬಿಡಿ. ಆಮೇಲೆ ಉಜ್ಜುವಾಗಲೂ ಅವಸರ ಬೇಡ. ಹಿತ್ತಾಳೆ ಬಿಸಿಯಾದರೆ ಸುತ್ತಲಿನ ಅಂಟು ಮೆತ್ತಗಾಗುತ್ತದೆ.

ಗೇರುಸಿಪ್ಪೆಯ ಎಣ್ಣೆ? ಗೆದ್ದಲಿಗೆ, ದೋಣಿಗೆ ಅದು ಒಳ್ಳೆಯದೇ. ಆದರೆ ಗೇರುಬೀಜ ಸುಡುವಾಗ ಸೊನೆ ಸಿಡಿದು ಬೊಬ್ಬೆ ಬಂದ ನೆನಪು ನಿಮಗೂ ಇರಬೇಕಲ್ವಾ? ಅದನ್ನೇ ಬೆವರುವ ಅಂಗೈಗೆ ದಿನಾ ಒತ್ತಿ ಹಿಡಿಯುವುದು ಯಾಕೆ? ಬೇಯಿಸಿದ ಅಗಸೆ ಎಣ್ಣೆ ತೆಳುವಾಗಿ ಮೂರು ನಾಲ್ಕು ಸಲ ಹಚ್ಚಿ, ನಡುನಡುವೆ ಒಂದು ದಿನ ಒಣಗಿಸಿ. ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಬೆಂಕಿ ಹಿಡಿಯಬಹುದು. ಹರಡಿ ಒಣಗಿಸಿ.

ತುಕ್ಕಿನ ವಿಷಯ. ಅಡಿಕೆ ಕೊರೆದ ಕತ್ತಿ ಕಪ್ಪಾಗುವುದನ್ನು ನೋಡಿದ್ದೀರಿ. ಅಡಿಕೆಯ ಒಗರು ಕಬ್ಬಿಣಕ್ಕೆ ಸೇರಿ ಬರುವ ಬಣ್ಣ ಅದು. ಗಟ್ಟಿ ಚಹಾದ ಕಷಾಯಕ್ಕೆ ಸ್ವಲ್ಪ ವಿನೆಗರ್ ಸೇರಿಸಿ, ತೊಳೆದು ಒರೆಸಿದ ಅಲಗನ್ನು ಒಂದೆರಡು ಗಂಟೆ ಅದರಲ್ಲಿ ಇಟ್ಟರೂ ಇದೇ ಕಪ್ಪು ಬರುತ್ತದೆ. ಕೆಂಪು ತುಕ್ಕು ನಿಧಾನವಾಗುತ್ತದೆ, ಆದರೆ ನಿಲ್ಲುವುದಿಲ್ಲ. ಆದ್ದರಿಂದ ಒರೆಸಿ ಒಂದು ಹನಿ ತೆಂಗಿನೆಣ್ಣೆ ಸವರುವ ಅಭ್ಯಾಸ ಬಿಡಬೇಡಿ.

ಚರ್ಮದ ಒರೆಯನ್ನು ಜೂನ್‌ನಿಂದ ಸೆಪ್ಟೆಂಬರ್ ತನಕ ಮರೆತುಬಿಡಿ. ಅದು ನೀರು ಹೀರಿ ಅಲಗಿಗೇ ಒತ್ತಿ ಇಡುತ್ತದೆ. ತೋಟಕ್ಕೆ ಹಾಕಿದ ಪಿವಿಸಿ ಪೈಪಿನ ತುಂಡು ಉಳಿದಿರುತ್ತದಲ್ಲ, ಅದನ್ನು ಉದ್ದಕ್ಕೆ ಸೀಳಿ, ಕುದಿಯುವ ನೀರಿನಲ್ಲಿ ಮೆತ್ತಗೆ ಮಾಡಿ. ಅಲಗಿಗೆ ಎರಡು ಸುತ್ತು ರಟ್ಟು ಸುತ್ತಿ ಅದರ ಮೇಲೆ ಮಡಚಿ, ಹಲಗೆಗಳ ನಡುವೆ ಒತ್ತಿ ತಣಿಸಿ. ಅಂಚಿಗೆ ರಿವೆಟ್, ತಳದಲ್ಲಿ ನೀರು ಇಳಿಯಲು ಒಂದು ತೂತು. ನೇರ ಬೆಂಕಿಗೆ ಹಿಡಿಯಬೇಡಿ, ಅದರ ಹೊಗೆ ಕೆಟ್ಟದ್ದು. ಪೈಪ್ ಇಲ್ಲದಿದ್ದರೆ ಅಡಿಕೆ ಹಾಳೆ ನೆನೆಸಿ ಮಡಚಿ ಹೊಲಿಯಿರಿ. ಒಂದು ಮಳೆಗಾಲವೂ ಬಾಳಿಕೆ ಬಾರದು, ಆದರೆ ಹಾಳೆಗೇನು ಬರಗಾಲವೇ?

ಪ್ರಶ್ನೆ: ಇಂಥ ಚಾಕು ಸೊಂಟಕ್ಕೆ ಕಟ್ಟಿಕೊಂಡರೆ ಲೈಸೆನ್ಸ್ ಬೇಕೇ? (ಮಂಜೇಶ್ವರದಿಂದ)

ಉತ್ತರ: 2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಬರುವುದು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗು. ಮನೆಬಳಕೆ, ಕೃಷಿಗೆಂದೇ ಮಾಡಿದ್ದಕ್ಕೆ ಅದರಲ್ಲೂ ವಿನಾಯಿತಿ ಇದೆ. 4 ಇಂಚಿನದ್ದು ಆ ಲೆಕ್ಕಕ್ಕೆ ಬರುವುದಿಲ್ಲ. ಹಾಗಂತ ಕುಂಬಳೆ ಪೇಟೆಯಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಬೇಡಿ. ಚೀಲದ ಅಡಿಯಲ್ಲಿರಲಿ, ಕಾಡಿನ ದಾರಿ ಸಿಕ್ಕ ಮೇಲೆ ಹೊರಗೆ ಬರಲಿ.